ಒಂಬತ್ತನೇ ನಂಬರಿನ ಜ್ವರ

ನನ್ನ ಭಾವ, ಅಂದರೆ ಅಕ್ಕನ ಗಂಡ, ಫುಟ್‌ಬಾಲ್ ಕ್ಲಬ್ಬೊಂದರ ಲೆಕ್ಕ ಬರೆಯುವವರು. ಚೆಂಡನ್ನು ಕಾಲಿನಿಂದ ಮುಟ್ಟಿದವರಲ್ಲ. ಅವರ ಕೋಣೆ ಗ್ಯಾಲರಿಯ ಮೆಟ್ಟಿಲ ಕೆಳಗಿತ್ತು. ಮೇಲೆ ಜನ ಕುಣಿದಾಗ ಮೇಜಿನ ಮೇಲೆ ಸುಣ್ಣ ಉದುರಿದರೆ ಗೋಲಾಯಿತೆಂದು ತಿಳಿಯುತ್ತಿದ್ದರು.

ಕ್ಲಬ್ಬಿಗೆ ನೂರು ಬಂದರೆ ತೊಂಬತ್ತು ಆಟಗಾರರ ಸಂಬಳಕ್ಕೇ ಹೋಗುತ್ತಿತ್ತು. ಇದನ್ನು ಎಷ್ಟು ಹೇಳಿದರೂ ಮಾಲೀಕರು ಆಕಳಿಸುತ್ತಿದ್ದರು. ಕೊನೆಗೆ ಭಾವ ಅದಕ್ಕೆ ಜ್ವರ ಎಂದು ಹೆಸರಿಟ್ಟರು. "ಜ್ವರ ತೊಂಬತ್ತಕ್ಕೇರಿದೆ ಸಾರ್" ಅಂದ ಕೂಡಲೇ ಮಾಲೀಕರು ನೆಟ್ಟಗೆ ಕೂತರು.

ಆ ವರ್ಷ ಲೀಗಿನವರು ಕಟ್ಟಪ್ಪಣೆ ಮಾಡಿದರು: ಕೊನೆಯ ಪಂದ್ಯ ಮುಗಿದಾಗ ಈ ಸಂಬಳದ ಅಂಕಿ ನೂರಕ್ಕೆ ಎಪ್ಪತ್ತು ದಾಟಿದ್ದರೆ ಕ್ಲಬ್ಬು ಕೆಳಗಿನ ದರ್ಜೆಗೆ.

"ಕ್ಲಬ್ಬು ಕೆಳಗಿಳಿದ್ರೆ ನೀವು ಗೇಟಿಂದ ಆಚೆಗೆ," ಎಂದರು ಮಾಲೀಕರು.

ಒಂಬತ್ತನೇ ನಂಬರಿನ ಆಟಗಾರನ ಸಂಬಳ, ಉಳಿದವರೆಲ್ಲರದನ್ನು ಕೂಡಿಸಿದಷ್ಟಿತ್ತು. ಅವನನ್ನು ಮಾರುವುದೆಂದಾಯಿತು. ಕೊಳ್ಳುವ ಕ್ಲಬ್ಬೂ ಸಿಕ್ಕಿತು. ಅಷ್ಟರಲ್ಲಿ ಭಾವ ಕ್ಯಾಂಟೀನಿನಲ್ಲಿ ನಿಂತು ಫೋನಿನಲ್ಲಿ ಮಾಲೀಕರಿಗೆ ಅಂದರು: "ಜ್ವರಕ್ಕೆಲ್ಲ ಮೂಲ ಆ ಒಂಬತ್ತನೇ ನಂಬರೇ ಸಾರ್. ಅವನು ಹೋದ್ರೆ ಎಲ್ಲರಿಗೂ ನೆಮ್ಮದಿ."

ಕ್ಯಾಂಟೀನಿನ ಅಮ್ಮ ಕೇಳಿಸಿಕೊಂಡರು. ಯಾರಿಗೂ ಹೇಳಲಿಲ್ಲವಂತೆ, ಟೀ ಕುಡಿಯಲು ಬಂದವರಿಗೆ ಬಿಟ್ಟು. ಸಂಜೆಯೊಳಗೆ ಕೊಳ್ಳುವವರು ಹಿಂದೆ ಸರಿದರು. ಇಡೀ ತಂಡಕ್ಕೆ ಜ್ವರ ಅಂಟಿಸುವವನು ಅವರಿಗೆ ಬೇಡವಾಗಿದ್ದ.

ಮರುದಿನ ಆಟಗಾರನೇ ತಲೆ ಬಗ್ಗಿಸಿಕೊಂಡು ಭಾವನ ಕೋಣೆಯೊಳಗೆ ಬಂದ.

"ಸಾರ್, ನನಗೆ ಜ್ವರ ಅಂತೆ. ಮನೇಲಿ ನಮ್ಮಮ್ಮ ಕಂಬಳಿ ಹೊದಿಸಿ ಕೂರಿಸಿಬಿಟ್ಟಿದ್ಲು. ಹಣೆ ಮುಟ್ಟಿ ನೋಡಿ."

"ನಿನ್ನ ಹಣೆ ತಣ್ಣಗಿದೆಯಪ್ಪಾ. ಸುಡ್ತಿರೋದು ನಿನ್ನ ಸಂಬಳ."

ಭಾವ ಎಲ್ಲವನ್ನೂ ಬಿಡಿಸಿ ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಇನ್ನು ನನ್ನನ್ನ ಯಾರೂ ತಗೊಳ್ಳಲ್ಲ. ಸಂಬಳ ಅರ್ಧ ಮಾಡಿ, ಆದ್ರೆ ಗೋಲಿಗಿಷ್ಟು ಅಂತ ಕೊಡಿ."

ಹಿಂದಿನ ವರ್ಷವೆಲ್ಲ ಅವನು ಹೊಡೆದದ್ದು ಎರಡೇ ಗೋಲು. ಭಾವ ಮನಸ್ಸಿನಲ್ಲೇ ಮಂಡಿಗೆ ತಿಂದು ಒಪ್ಪಿದರು. ಅಂಕಿ ಎಪ್ಪತ್ತರ ಕೆಳಗಿಳಿಯಿತು.

ಆದರೆ ಹುಡುಗ ಪಂದ್ಯಕ್ಕೊಂದರಂತೆ ಹೊಡೆಯತೊಡಗಿದ. ಮನೆಯಲ್ಲಿ ಅಕ್ಕ ದೇವರ ಮುಂದೆ "ಕ್ಲಬ್ಬು ಗೆಲ್ಲಲಿ" ಎಂದು ಕೈಮುಗಿದರೆ, ಪಕ್ಕದಲ್ಲೇ ಭಾವ "ಅವನೊಬ್ಬ ಹೊಡೀದೆ ಇರಲಿ" ಎನ್ನುತ್ತಿದ್ದರು. ಒಂದೇ ಮನೆಯಿಂದ ಎರಡು ಅರ್ಜಿ ಬಂದರೆ ದೇವರಾದರೂ ಏನು ಮಾಡಬೇಕು?

ಕೊನೆಯ ಪಂದ್ಯದಲ್ಲಿ ಅವನು ಮೂರನೇ ಗೋಲು ಹೊಡೆದಾಗ ಅಂಕಿ ಎಪ್ಪತ್ತು ದಾಟಿತು. ಬರುವ ಹಣ ಹೆಚ್ಚಿದರೆ ಅಂಕಿ ಇಳಿದೀತೆಂದು ಭಾವ ಟಿಕೆಟ್ ಕಿಟಕಿಗೆ ಓಡಿದರು.

"ಮುಚ್ಚಬೇಡಮ್ಮಾ!"

"ಆಟ ಮುಗಿಯೋಕೆ ಬಂತಲ್ಲ ಅಣ್ಣಾ, ಇನ್ನ್ಯಾರು ಬರ್ತಾರೆ?"

"ಕಾಲು ಬೆಲೆಗೆ ಕೊಡು, ಬರ್ತಾರೆ!"

ಅವರೇ ಬೀದಿಗಿಳಿದು ಕೂಗಿದರು. ಬಸ್ಸಿಗೆ ಕಾದವರು, ಅರ್ಧ ಕ್ಷೌರವಾದವನೊಬ್ಬ, ಎಲ್ಲರೂ ನುಗ್ಗಿದರು. ಅಂಕಿ ಎಪ್ಪತ್ತಕ್ಕಿಂತ ಕೂದಲೆಳೆಯಷ್ಟು ಕೆಳಗೆ ಬಂದು ನಿಂತಿತು. ಇನ್ನೊಂದು ಗೋಲಾದರೆ ಮುಗಿಯಿತು.

ಅಷ್ಟರಲ್ಲಿ ಒಂಬತ್ತನೇ ನಂಬರಿನವನು ಮತ್ತೆ ಚೆಂಡು ತೆಗೆದುಕೊಂಡು ಓಡಿದ. ಜನವೆಲ್ಲ "ಹೊಡಿ, ಹೊಡಿ" ಎಂದು ಎದ್ದು ನಿಂತಾಗ, ಎದುರು ತಂಡದ ಗೋಲ್‌ಕೀಪರಿಗೆ "ಹಿಡಿಯಪ್ಪಾ, ನಿನ್ನ ದಮ್ಮಯ್ಯ!" ಎಂದು ಕೂಗಿದವರು ನಮ್ಮ ಭಾವ ಒಬ್ಬರೇ.

ಅವನು ಹಿಡಿದ.