ಸೌಜನ್ಯ ಕೊಟ್ಟ ಹಾಲು

ಕೈವಾರದ ಬಳಿಯ ತಮ್ಮ ಟೊಮೆಟೊ ತೋಟದಲ್ಲಿ ಕಳೆ ಬಾರದಂತೆ ಸಾಲುಗಳ ಮೇಲೆ ಪ್ಲಾಸ್ಟಿಕ್ ಶೀಟು ಹಾಸುವುದು, ಬೆಳೆ ಮುಗಿದ ಮೇಲೆ ಹರಿದ ಚೂರುಗಳನ್ನು ಗುಡ್ಡೆ ಹಾಕಿ ಸುಡುವುದು ಸೌಜನ್ಯಳ ಕೆಲಸವಾಗಿತ್ತು. ಅವಳಿಗೆ ಹೆರಿಗೆಯಾದ ಮೇಲೆ ಬೆಂಗಳೂರಿನಿಂದ ಮೇಧಾ ಎಂಬ ಸಂಶೋಧಕಿ ಬಂದಳು. ಎದೆಹಾಲಿನಲ್ಲಿ ಪ್ಲಾಸ್ಟಿಕ್ ಕಣಗಳಿವೆಯೇ ಎಂದು ಪರೀಕ್ಷಿಸಲು ಬಾಣಂತಿಯರ ಹಾಲು ಕೇಳಿದಳು. ಸೌಜನ್ಯಳೂ ಒಂದು ಗಾಜಿನ ಸೀಸೆಯಲ್ಲಿ ಕೊಟ್ಟಳು. ತನ್ನ ಹಾಲಿನಲ್ಲಿ ಅಂಥದ್ದೇನೂ ಇರದು ಎಂಬ ಧೈರ್ಯ ಅವಳಿಗೆ.

ಮಗುವಿಗೆ ಹಲ್ಲು ಬರುವ ಹೊತ್ತಿಗೆ ಮೇಧಾ ಮತ್ತೆ ಬಂದು, ಸೌಜನ್ಯಳ ಹಾಲಿನಲ್ಲೂ ಕಣ್ಣಿಗೆ ಕಾಣದಂಥ ಪ್ಲಾಸ್ಟಿಕ್ ಕಣಗಳು ಸಿಕ್ಕಿವೆ ಎಂದಳು.

"ತೋಟದ ಶೀಟಿಂದ ಬಂತಾ ಮೇಡಂ?"

"ಹೇಳಕ್ಕಾಗಲ್ಲ. ನೀರು, ಊಟ, ಗಾಳಿ, ಎಲ್ಲಿಂದಾದ್ರೂ ಬಂದಿರಬಹುದು."

"ಪಾಪೂಗೆ ಏನಾಗ್ತೈತೆ?"

"ಅದು ನಮಗೂ ಇನ್ನೂ ಗೊತ್ತಿಲ್ಲ. ಆದ್ರೆ ಹಾಲು ಮಾತ್ರ ನಿಲ್ಲಿಸಬೇಡಿ. ಮಗೂಗೆ ಅದೇ ಒಳ್ಳೇದು."

ಮೇಧಾ ಹೊರಟುಹೋದ ಮೇಲೆ ಮಗು ಹಸಿದು ಅತ್ತಿತು. ಸೌಜನ್ಯ ತೊಟ್ಟಿಲ ಪಕ್ಕ ಸುಮ್ಮನೆ ನಿಂತಿದ್ದಳು.

"ಯಾಕಮ್ಮ, ಎತ್ಕೋಬಾರ್ದಾ?" ಎಂದರು ಅತ್ತೆ ವೆಂಕಟರತ್ನಮ್ಮ.

"ಭಯ ಆಗ್ತೈತೆ ಅತ್ತೆ."

ವೆಂಕಟರತ್ನಮ್ಮ ಮಗುವನ್ನೆತ್ತಿ ಅವಳ ಮಡಿಲಿಗೆ ಕೊಟ್ಟರು. ಮಗು ಎಂದಿನಂತೆ ಚಪ್ಪರಿಸಿ ಕುಡಿಯಿತು.

ಸೌಜನ್ಯ ಹಾಲು ನಿಲ್ಲಿಸಲಿಲ್ಲ. ಆದರೆ ಅಂದಿನಿಂದ ಮಗು ಸ್ವಲ್ಪ ಕೆಮ್ಮಿದರೂ, ಒಂದು ದಿನ ಮಂಕಾಗಿ ಮಲಗಿದರೂ ಅವಳಿಗೆ ಆ ಕಣಗಳೇ ನೆನಪಾಗುತ್ತಿದ್ದವು.