ಹೊತ್ತಲ್ಲದ ಹೊತ್ತಿನಲ್ಲಿ ಬಂದ ದೊರೆ ಹಾಡು

ನಾನು ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದ ವರ್ಷ ಅದು, ೧೯೭೨. ಹೊಸಕೋಟೆ ತಾಲ್ಲೂಕಿನಲ್ಲಿ ಸಮೇತನಹಳ್ಳಿಯಿಂದ ಇನ್ನೂ ಒಳಕ್ಕೆ ನಡೆದರೆ ನಮ್ಮೂರು. ಊರು ಅಂದರೆ ಎರಡೇ ಬೀದಿ. ಮೇಲಿನ ಬೀದಿಯವರು ಸ್ವಲ್ಪ ಅನುಕೂಲಸ್ಥರು. ನಮ್ಮದು ಕೆರೆ ಏರಿಯ ಬುಡದಲ್ಲಿದ್ದ ಕೆಳಗಿನ ಬೀದಿ. ಮಣ್ಣಿನ ಗೋಡೆ, ನಾಡಹಂಚಿನ ಮನೆಗಳು.

ದೀಪಾವಳಿ ಕಳೆದ ಮೇಲೆ ಪ್ರತಿ ವರ್ಷ ಊರಾಚೆಯ ದಿಣ್ಣೆಯ ಮೇಲೆ ಟೆಂಟ್ ಸಿನಿಮಾ ಬರುತ್ತಿತ್ತು. ಸಾಯಂಕಾಲವಾದರೆ ಹಾರ್ನ್ ಸ್ಪೀಕರಿನಲ್ಲಿ ರೆಕಾರ್ಡು ಹಾಕುತ್ತಿದ್ದರು. ಮೊದಲು ದೇವರ ಹಾಡು, ಆಮೇಲೆ ಸಿನಿಮಾ ಹಾಡುಗಳು, ಎಲ್ಲಕ್ಕಿಂತ ಕೊನೆಗೆ ಒಂದು ಇಂಗ್ಲಿಷ್ ಹಾಡು. ರೆಕಾರ್ಡು ಹಾಕುವ ಸೆಲ್ವಣ್ಣ ಬೆಂಗಳೂರು ದಂಡಿನ ಕಡೆಯವನು. ಅಲ್ಲಿ ಮನೆ ಖಾಲಿ ಮಾಡಿ ಹೋದ ಯಾವನೋ ಬಿಳಿ ದೊರೆಯ ಸಾಮಾನಿನಲ್ಲಿ ಆ ರೆಕಾರ್ಡು ಸಿಕ್ಕಿತ್ತಂತೆ. ಅದಕ್ಕೇ ಊರವರೆಲ್ಲ ಅದನ್ನು ‘ದೊರೆ ಹಾಡು’ ಅನ್ನುತ್ತಿದ್ದರು. ಅದು ಬಂತೆಂದರೆ ಟಿಕೆಟ್ ಕೊಡಲು ಶುರುವಾಯಿತು ಎಂದೇ ಅರ್ಥ. ಮುಂದೆ ಕೂತವರಿಗೆ ಮಾತ್ರ ಪರದೆ ಸರಿಯಾಗಿ ಕಾಣುತ್ತಿದ್ದುದರಿಂದ ಉಣ್ಣುತ್ತಿದ್ದವರು ತಟ್ಟೆ ಬಿಟ್ಟು, ಚಾಪೆ ಬಗಲಿಗೆ ಸಿಕ್ಕಿಸಿಕೊಂಡು ದಿಣ್ಣೆಗೆ ಓಡುತ್ತಿದ್ದರು.

ಆ ಹಾಡು ಹೇಗಿತ್ತು ಅಂದರೆ, ಮೊದಲು ಡ್ರಮ್ಮು ಧಡಧಡ ಬಡಿಯುತ್ತಿತ್ತು, ಅದರ ಮೇಲೆ ಗಿಟಾರು, ಆಮೇಲೆ ಒಬ್ಬ ಗಂಡಸು ಗಂಟಲು ಹರಿಯುವಂತೆ ಕೂಗಿಕೊಳ್ಳುತ್ತಿದ್ದ. ಒಂದು ಅಕ್ಷರವೂ ಯಾರಿಗೂ ತಿಳಿಯದು. ಆದರೂ ಊರಿನಲ್ಲಿ ಅದಕ್ಕೆ ಅರ್ಥ ಹೇಳದವರಿರಲಿಲ್ಲ. ಹೆಂಡತಿ ತವರಿಗೆ ಹೋಗಿರಬೇಕು ಎಂದು ಒಬ್ಬರು, ಹಸು ತಪ್ಪಿಸಿಕೊಂಡಿರಬೇಕು ಎಂದು ಇನ್ನೊಬ್ಬರು. ನಮ್ಮವ್ವನ ಪ್ರಕಾರ ಅವನು ಕುಡಿದಿದ್ದ, ಅಷ್ಟೆ. ನನ್ನ ಅಕ್ಕ ಸರೋಜ ಮಾತ್ರ ಆ ಹಾಡನ್ನು ಯಾರೂ ಆಡಿಕೊಳ್ಳಲು ಬಿಡುತ್ತಿರಲಿಲ್ಲ. “ಅವನು ಯಾರನ್ನೋ ಬಾ ಅಂತ ಕರೀತಾವ್ನೆ ಕಣೇ. ಎಷ್ಟು ಆಸೆಯಿಂದ ಕರೀತಾವ್ನೆ ನೋಡು” ಎನ್ನುತ್ತಿದ್ದಳು. ಮದುವೆಗೆ ಮುಂಚೆ ಕಸ ಗುಡಿಸುವಾಗಲೂ ಅದೇ ಧಾಟಿಯನ್ನು ಗುನುಗುತ್ತಿದ್ದಳು.

ಆ ವರ್ಷ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಮಗು. ಇನ್ನೂ ತಿಂಗಳು ತುಂಬಿರಲಿಲ್ಲ. ನಮ್ಮವ್ವನ ಬಾಣಂತನ ಎಂದರೆ ಜೈಲಿಗಿಂತ ಒಂದು ಕೈ ಮೇಲು. ಕತ್ತಲೆ ಕೋಣೆ, ಕಿಟಕಿಗೆ ಗೋಣಿತಾಟು, ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಬಟ್ಟೆ, ಮಂಚದ ಕೆಳಗೆ ಕೆಂಡದ ಬಾಣಲೆ. ಹೊಸಿಲು ದಾಟಿದರೆ ಶೀತಗಾಳಿ ಹೊಡೆದು ತಾಯಿ ಮಗು ಇಬ್ಬರೂ ಉಳಿಯುವುದಿಲ್ಲ ಎಂದು ದಿನವೂ ಹೆದರಿಸುತ್ತಿದ್ದಳು. ಸಾಯಂಕಾಲ ದೊರೆ ಹಾಡು ಬಂದಾಗ ಅಕ್ಕ ಮೆಲ್ಲಗೆ ಒಂದು ಕಿವಿಯ ಹತ್ತಿ ತೆಗೆಯುವುದನ್ನು ನಾನು ನೋಡಿದ್ದೆ. ಅವ್ವ ನೋಡಿದ ದಿನ ಅವಳಿಗೆ ಸರಿಯಾಗಿ ಮಂಗಳಾರತಿ ಆಯಿತು.

ಟೆಂಟು ಬಂದು ಇನ್ನೂ ವಾರವಾಗಿರಲಿಲ್ಲ, ಮದ್ರಾಸಿನ ಕಡೆ ಚಂಡಮಾರುತ ಎಂದು ನಮ್ಮ ಕಡೆ ಜಡಿಮಳೆ ಹಿಡಿದುಕೊಂಡಿತು. ಹಗಲೂ ರಾತ್ರಿ ಒಂದೇ ಸಮ. ಆಟ ನಿಂತುಹೋಯಿತು. ಕೆರೆ ತುಂಬಿ ಕೋಡಿ ಬಿತ್ತು. ಕೋಡಿ ಬಿದ್ದ ಸಂತೋಷದಲ್ಲಿ ಹೆಂಗಸರು ಹೋಗಿ ಕೆರೆಗೆ ಬಾಗಿನವನ್ನೂ ಕೊಟ್ಟು ಬಂದರು. ಕೆರೆ ತುಂಬಿದರೆ ಯಾರು ತಾನೇ ಹೆದರುತ್ತಾರೆ?

ಕೊನೆಗೆ ಒಂದು ದಿನ ಮಧ್ಯಾಹ್ನ ಮಳೆ ನಿಂತು ಸ್ವಲ್ಪ ಬಿಸಿಲು ಕಂಡಿತು. ಅಪ್ಪ ಹೊಸಕೋಟೆಗೆ ಹೋಗಿದ್ದರು. ಅವ್ವ ಅಕ್ಕನಿಗೆ ನೀರು ಹಾಕಲು ಹಂಡೆಗೆ ಉರಿ ಹಾಕುತ್ತಿದ್ದಳು. ನಾನು ಹಸಿ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಿದ್ದೆ. ಆಗ ದಿಣ್ಣೆಯ ಕಡೆಯಿಂದ ಟೆಂಟಿನ ಕರೆಂಟು ಎಂಜಿನ್ ಸದ್ದು ಕೇಳಿಸಿತು. ಅದರ ಹಿಂದೆಯೇ ಧಡಧಡ ಡ್ರಮ್ಮು. ದೇವರ ಹಾಡಿಲ್ಲ, ಸಿನಿಮಾ ಹಾಡಿಲ್ಲ, ಒಂದೇ ಸಲಕ್ಕೆ ದೊರೆ ಹಾಡು, ಅದೂ ನಡುಮಧ್ಯಾಹ್ನ.

ಮಳೆಯಲ್ಲಿ ಕಳೆದುಕೊಂಡ ಆಟವನ್ನು ಹಗಲೇ ತೋರಿಸುತ್ತಿದ್ದಾರೆ ಎಂದುಕೊಂಡೆವು. ಇಡೀ ಬೀದಿ ಹಾಗೇ ಅಂದುಕೊಂಡಿತು. ಅಷ್ಟು ದಿನ ಸೋರುವ ಮನೆಗಳಲ್ಲಿ ಮುದುಡಿ ಕೂತಿದ್ದವರು ಒಮ್ಮೆಗೇ ಹೊರಬಿದ್ದರು. ಮುದುಕರನ್ನು ಕೈಹಿಡಿದು ಎಳೆದುಕೊಂಡು, ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಒಂದೇ ಓಟ. ನಾನು ಊದುಕೊಳವೆ ಬಿಸಾಕಿ ಚಾಪೆ ಹುಡುಕದೆ ಹಾಗೇ ಓಡಿದೆ. ಹಿಂದಿನಿಂದ ಅವ್ವ ಸೌಟು ಹಿಡಿದುಕೊಂಡು ಓಡಿಬಂದಳು.

“ಲೇ, ಮನೇಲಿ ಬಾಣಂತಿ ಅವಳೆ, ಹಂಡೆ ಮುಂದೆ ಕೂರೋರು ಯಾರೇ? ನಿಂತ್ಕೊಳ್ಳೇ ಮಾರಾಯ್ತಿ!”

ನಾನು ನಿಲ್ಲಲಿಲ್ಲ. ಅವ್ವನೂ ಬಿಡಲಿಲ್ಲ. ಬೈದುಕೊಂಡೇ ದಿಣ್ಣೆ ಹತ್ತಿದಳು.

ಮೇಲೆ ಹೋದರೆ ಟಿಕೆಟ್ ಕೊಡುವವರೇ ಇಲ್ಲ. ಸೆಲ್ವಣ್ಣ ರೆಕಾರ್ಡು ಪೆಟ್ಟಿಗೆಯ ಮುಂದೆ ನಿಂತು ಏರಿಯ ಕಡೆಯೇ ನೋಡುತ್ತಿದ್ದ. ಅವನ ಪಕ್ಕದಲ್ಲಿ ನಮ್ಮೂರ ನೀರಗಂಟಿ, ಅಂದರೆ ಕೆರೆಯ ತೂಬು ನೋಡಿಕೊಳ್ಳುವವನು, ಮೊಣಕಾಲುದ್ದ ಕೆಸರು ಮೆತ್ತಿಕೊಂಡು ಏದುಸಿರು ಬಿಡುತ್ತಿದ್ದ. ಜನ ಟಿಕೆಟ್ ಟಿಕೆಟ್ ಎಂದು ನೂಕಾಡಿದರು. ಸೆಲ್ವಣ್ಣ ಮುಗಿದ ಹಾಡನ್ನೇ ಮತ್ತೆ ಹಾಕಿದ. ಸ್ವಲ್ಪ ಹೊತ್ತಾದ ಮೇಲೆ ಹಾಡು ನಿಂತಿತು. ಅವನು ಮೈಕು ಹಿಡಿದ.

“ಆಟ ಇಲ್ಲ. ತೂಬು ಹತ್ರ ಏರಿ ಕುಸೀತಾ ಐತೆ. ಯಾರೂ ಕೆಳಕ್ಕೆ ಇಳೀಬ್ಯಾಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಇಳೀಬ್ಯಾಡಿ.”

ಒಬ್ಬ, ಏರಿ ಕುಸಿಯುತ್ತಿದ್ದರೆ ಮನೆಮನೆಗೆ ಬಂದು ಹೇಳುವುದು ಬಿಟ್ಟು ಹಾಡು ಹಾಕುತ್ತೀಯಲ್ಲ ಎಂದು ಸೆಲ್ವಣ್ಣನ ಕೊರಳಪಟ್ಟಿ ಹಿಡಿದ. ಸೆಲ್ವಣ್ಣ ಬಿಡಿಸಿಕೊಳ್ಳಲೂ ಇಲ್ಲ. “ಹೇಳಿದ್ರೆ ನೀವು ಅಕ್ಕಿ ರಾಗಿ ಎತ್ಕೊಳಕ್ಕೆ ನಿಲ್ತೀರಪ್ಪಾ. ಪಾತ್ರೆ ಎತ್ಕೊಳಕ್ಕೆ ನಿಲ್ತೀರಿ. ಈ ಹಾಡಿಗಾದ್ರೆ ಬಾಗ್ಲೂ ಮುಚ್ದಂಗೆ ಓಡಿಬರ್ತೀರಿ” ಎಂದ.

ಬೀದಿಯೇ ಓಡಿ ಬಂದಿದೆ, ನಿಜ. ಆದರೆ ಯಾವ ಹಾಡು ಬಂದರೂ ಹೊಸಿಲು ದಾಟಬಾರದವಳು ಒಬ್ಬಳಿದ್ದಾಳೆ. ಅವ್ವನ ಮುಖ ನೋಡಿದೆ. ಅವಳ ಕೈಯಿಂದ ಸೌಟು ಬಿತ್ತು. “ನನ್ ಮಗಳು ಒಳಗವಳೆ” ಎಂದವಳೇ ಕೆಳಕ್ಕೆ ನುಗ್ಗಿದಳು. ಗಂಡಸರು ಹಿಡಿದುಕೊಂಡರು. ಅವರು ಅವಳನ್ನು ಹಿಡಿಯುವ ಗಲಾಟೆಯಲ್ಲಿ ನಾನು ತಪ್ಪಿಸಿಕೊಂಡು ಓಡಿದೆ.

ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒಲೆಗಳು ಉರಿಯುತ್ತಿದ್ದವು. ಬಚ್ಚಲ ಮೋರಿಗಳಲ್ಲಿ ಕೆಂಪು ನೀರು ಹಿಂದಕ್ಕೆ ಉಕ್ಕುತ್ತಿತ್ತು. ನಮ್ಮ ಮನೆ ಬಾಗಿಲು ತೆರೆದೇ ಇತ್ತು. ಕೋಣೆಗೆ ನುಗ್ಗಿದೆ. ಮಂಚ ಖಾಲಿ. ತೊಟ್ಟಿಲೂ ಖಾಲಿ. ಅಕ್ಕನ ತಲೆಬಟ್ಟೆ ನೆಲದ ಮೇಲೆ ಬಿದ್ದಿತ್ತು. ಹಿತ್ತಲಿಗೆ ಓಡಿ ಅಕ್ಕಾ ಅಕ್ಕಾ ಎಂದು ಕೂಗಿದೆ. ಬಚ್ಚಲಲ್ಲಿಲ್ಲ, ಕೊಟ್ಟಿಗೆಯಲ್ಲಿಲ್ಲ. ನೀರು ನುಗ್ಗುತ್ತಿದೆ ಎಂದು ಹೆದರಿ ಎಲ್ಲೋ ಓಡಿ ಮೋರಿಗೆ ಬಿದ್ದಳೇನೋ ಎಂದು ಬಗ್ಗಿ ನೋಡಿದೆ. ಅಷ್ಟರಲ್ಲಿ ನೀರಗಂಟಿ ಹಿಂದಿನಿಂದ ಬಂದು ನನ್ನ ಜಡೆ ಹಿಡಿದು ದರದರ ಎಳೆದುಕೊಂಡು ಹೊರಟ. ನಾನು ಅವನ ಕೈ ಕಚ್ಚಿದೆ. ಆದರೂ ಬಿಡಲಿಲ್ಲ ಪುಣ್ಯಾತ್ಮ.

ನಾವು ದಿಣ್ಣೆಯ ಅರ್ಧ ಹತ್ತಿರಲಿಲ್ಲ, ಏರಿ ಹೋಯಿತು. ಸಿಡಿಲಿನಂಥ ಸದ್ದೇನೂ ಬರಲಿಲ್ಲ. ದೊಡ್ಡದಾಗಿ ಏನೋ ಉಸಿರು ಬಿಟ್ಟಂತಾಯಿತು. ತಿರುಗಿ ನೋಡಿದರೆ ನಮ್ಮ ಬೀದಿಯ ಹಂಚುಗಳು ತೇಲುತ್ತಿರುವಂತೆ ಕಂಡವು, ಮರುಗಳಿಗೆಗೆ ಅವೂ ಇಲ್ಲ. ಕೆಂಪು ನೀರು ಮಾತ್ರ. ಮೇಲಿದ್ದ ಹೆಂಗಸರೆಲ್ಲ ಒಟ್ಟಿಗೆ ಬಾಯಿ ಬಡಿದುಕೊಂಡರು. ಅವ್ವ ಅಳುತ್ತಿರಲಿಲ್ಲ. ನಾನು ಒಬ್ಬಳೇ ಬರುವುದನ್ನು ನೋಡಿ ನನ್ನ ಹಿಂದೆ ಮುಂದೆ ಹುಡುಕಿದಳು, ಆಮೇಲೆ ಕೆಸರಿನಲ್ಲಿ ಹಾಗೇ ಕುಸಿದು ಕೂತಳು. ಅವಳ ಆ ಮುಖವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

“ಅವ್ವಾ...”

ಟೆಂಟಿನ ಹಿಂಭಾಗದಿಂದ ದನಿ ಬಂತು. ಜನ ದಾರಿ ಬಿಟ್ಟುಕೊಟ್ಟರು. ಅಕ್ಕ ನಿಂತಿದ್ದಳು. ಬರಿತಲೆ, ಬರಿಗಾಲು. ಸೆರಗಿನೊಳಗೆ ಮಗು ನಿದ್ದೆ ಮಾಡುತ್ತಿತ್ತು. ಅಕ್ಕನ ಹಲ್ಲು ಕಟಕಟ ಎನ್ನುತ್ತಿದ್ದವು. ಮಗು ಎತ್ತಿಕೊಂಡು ನೂಕುನುಗ್ಗಲಿನಲ್ಲಿ ಈ ಕಡೆ ಬರಲಾಗದೆ ಅವಳೂ ನಮ್ಮನ್ನೇ ಕೂಗುತ್ತಿದ್ದಳಂತೆ. ಆ ಗಲಾಟೆಯಲ್ಲಿ ಯಾರಿಗೆ ಕೇಳಿಸೀತು!

ಅವ್ವ ಎದ್ದಳು. ಮನೆ ಹೋಗಿದೆ, ರಾಗಿ ಹೋಗಿದೆ, ಮೈಮೇಲಿನ ಸೀರೆ ಬಿಟ್ಟರೆ ಏನೂ ಉಳಿದಿಲ್ಲ. ಅಂಥ ಹೊತ್ತಿನಲ್ಲಿ ಅವಳ ಬಾಯಿಂದ ಬಂದ ಮೊದಲ ಮಾತು, “ತಲೆಗೆ ಬಟ್ಟೆ ಎಲ್ಲೇ, ದರಿದ್ರದವ್ಳೇ?” ತನ್ನ ಸೆರಗಿನಿಂದ ಅಕ್ಕನ ತಲೆಗೆ ಕಟ್ಟಲು ಹೋದಳು. ಗಂಟು ಕೂರಲಿಲ್ಲ. ಅಕ್ಕನ ಹೆಗಲಿಗೆ ಮುಖವಿಟ್ಟು ಆಗ ಅತ್ತಳು, ಊರೆಲ್ಲ ಕೇಳುವಂತೆ.

ಆ ದಿನ ನಮ್ಮ ಬೀದಿಯಲ್ಲಿ ಒಂದು ಮನುಷ್ಯ ಜೀವವೂ ಹೋಗಲಿಲ್ಲ. ಮೇಕೆ, ಕೋಳಿ ಹೋದವು. ಟೆಂಟಿನೊಳಗೇ ಅಷ್ಟೂ ಮನೆಯವರು ದಿನಗಟ್ಟಲೆ ಇದ್ದೆವು. ಸೆಲ್ವಣ್ಣನ ಕೊರಳಪಟ್ಟಿ ಹಿಡಿದವನೇ ಅವನಿಗೆ ಮುದ್ದೆ ತಂದುಕೊಡುತ್ತಿದ್ದ.

ಅಕ್ಕ ಯಾಕೆ ಬಂದಳೆಂದು ಅವ್ವ ಬದುಕಿರುವವರೆಗೂ ಕೇಳಲಿಲ್ಲ. ಕೇಳಿದವಳು ನಾನು, ಎಷ್ಟೋ ವರ್ಷ ಕಳೆದ ಮೇಲೆ, ಅದೇ ಮಗುವಿನ ಮದುವೆಯ ಚಪ್ಪರದ ಕೆಳಗೆ ಕೂತು ವೀಳ್ಯದೆಲೆ ಒರೆಸುತ್ತಾ.

“ಕತ್ಲೇಲಿ ಕೂತು ಕೂತು ಹುಚ್ಚು ಹಿಡಿಯಂಗಾಗಿತ್ತು ಕಣೇ” ಎಂದಳು ಅಕ್ಕ. “ಆ ಹಾಡು ಬಂತು, ನೀವಿಬ್ರೂ ಓಡಿದ್ರಿ. ಹಿತ್ಲ ದಾರೀಲಿ ಹೋಗಿ, ಹತ್ರದಲ್ಲಿ ಒಂದ್ಸಲ ಕೇಳ್ಬಿಟ್ಟು, ಅವ್ವ ಬರೋದ್ರೊಳಗೆ ಬಂದು ಮಲಗ್ಬಿಡಣ ಅನ್ಕೊಂಡೆ. ದಿಣ್ಣೆ ಹತ್ತಿ ನಿಂತೆ, ಹಾಡು ಮುಗೀತು. ಸರಿ ಅಂತ ಇಳಿಯೋಕೆ ತಿರುಗ್ದೆ. ಅಷ್ಟ್ರಲ್ಲಿ ಅವನು ಅದನ್ನೇ ಇನ್ನೊಂದ್ಸಲ ಹಾಕ್ದ.”

ಅವಳು ಎಲೆಯ ತೊಟ್ಟು ಮುರಿದಳು. “ಇನ್ನೊಂದ್ಸಲ ಕೇಳಣ ಅಂತ ನಿಂತ್ಕೊಂಡೆ, ಅಷ್ಟೆ.”

ಒಳಗೆ ಮದುಮಗನಿಗೆ ಅರಿಶಿನ ಹಚ್ಚುತ್ತಿದ್ದರು.