ವೆಯ್ಸಿಲಜ್ಜನ ಕೌಜುಗ

ಬೋಸ್ನಿಯಾದ ರಿಬ್ನಿಕ್ ಹೊಳೆಯ ದಂಡೆಯಲ್ಲಿ ಹಕ್ಕಿ ಹೊಡೆದು ಬರುವವರು ಯಾರೇ ಸಿಗಲಿ, ಮೀನನ್ನು ಮರುಳುಮಾಡಲು ಗಾಳಕ್ಕೆ ಗರಿಯ ಹುಸಿನೊಣ ಕಟ್ಟುವ ವೆಯ್ಸಿಲಜ್ಜನದು ಒಂದೇ ಮಾತು: "ಮಾಂಸ ನೀವೇ ತಿನ್ರಪ್ಪ, ಗರಿ ಸಮೇತ ತೊಗಲು ಮಾತ್ರ ನಂಗೆ ಕೊಡಿ." ಯಾರಾದರೂ ಹಕ್ಕಿಯನ್ನು ಬಿಸಿನೀರಿಗೆ ಅದ್ದಿ ಪುಕ್ಕ ಕಿತ್ತರೆಂದು ತಿಳಿದರೆ ವಾರಗಟ್ಟಲೆ ಅವರ ಮನೆಯ ಕಾಫಿ ಮುಟ್ಟುತ್ತಿರಲಿಲ್ಲ. ತೊಗಲಿನ ಕೊಬ್ಬನ್ನು ಮೊಂಡು ಚಾಕುವಿನಿಂದ ಹೆರೆದು, ಬಿಳಿಗಾರ ಉಜ್ಜಿ, ರಟ್ಟಿನ ಮೇಲೆ ಹರಡಿ ಒಣಗಿಸಿ, ನುಸಿಗುಳಿಗೆ ಹಾಕಿ ಹೆಂಡತಿಯ ಮದುವೆಯ ಪೆಟ್ಟಿಗೆಯಲ್ಲೇ ಇಡುತ್ತಿದ್ದ. "ನನ್ನ ರೇಷ್ಮೆ ಶಾಲಿಗಿಂತ ಸತ್ತ ಹಕ್ಕಿಗೇ ಮರ್ಯಾದೆ ಜಾಸ್ತಿ" ಎಂದು ರಾಜಿಯಾ ಗೊಣಗಿದರೆ, "ಮೀನು ನಿನ್ನ ಶಾಲಿಗೆ ಬಾಯಿ ಹಾಕ್ತದೇನೇ?" ಎನ್ನುತ್ತಿದ್ದ. ಅದರಲ್ಲೂ ಕೌಜುಗದ ಎದೆಯ ಬೂದುಗರಿಯೆಂದರೆ ಅವನಿಗೆ ಪ್ರಾಣ. ಅದನ್ನು ಸುತ್ತಿದ ನೊಣ ನೀರಿಗೆ ಬಿದ್ದರೆ ಉಸಿರಾಡುತ್ತದೆ ಎನ್ನುತ್ತಿದ್ದ. ಬರಬರುತ್ತಾ ಕಣಿವೆಯಲ್ಲಿ ಕೌಜುಗಗಳೇ ಕಾಣದಾದವು, ಪೆಟ್ಟಿಗೆಯಲ್ಲಿ ಉಳಿದಿದ್ದ ಕೊನೆಯ ತೊಗಲೂ ಬೋಳಾಯಿತು. ಹಾಗಿರುವಾಗ ಒಂದು ದಿನ ಬೇಟೆಗಾರ ಫಿಕ್ರೆತ್ ಏದುಸಿರು ಬಿಡುತ್ತಾ ಬಂದ: "ಅಜ್ಜಾ, ಮೇಲಿನ ಹುಲ್ಲುಗಾವಲಲ್ಲಿ ಕೌಜುಗದ ಹಿಂಡು ಬಂದಿದೆ! ನಾಳೆನೇ ನಿಂಗೊಂದು ತರ್ತೀನಿ." ಅಜ್ಜ ಎದ್ದು ನಿಂತ. "ಎಲ್ಲಾ ಒಟ್ಟಿಗೇ ಹಾರಿದವಾ? ಆ ಬುರ್ರನೆ ಸದ್ದು ಬಂತಾ?" "ಬಂತಜ್ಜಾ." ಅಜ್ಜ ಗುಡ್ಡದ ಕಡೆ ತಿರುಗಿದ. "ಹಂಗಾದ್ರೆ ಬಂದೂಕು ಮನೇಲಿಡೋ ಮಗಾ," ಎಂದ. "ನಾಳೆ ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗು."